ಹೊಂಬಿಸಿಲಲ್ಲಿ ಮನೆಮಂದಿಯ ಫೋಟೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಂಜೆ ಬೆಳಕಿನಲ್ಲಿ ಕುಟುಂಬದ ಫೋಟೊ ತೆಗೆಯುವ ಬಗ್ಗೆಯೇ ಇದ್ದವು. ಉತ್ತರ ಕನ್ನಡದ ಕರಾವಳಿ ಮತ್ತು ಘಟ್ಟದ ಮೇಲಿನ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನವೆಂಬರ್ ಕೊನೆಯ ವಾರ ಹನ್ನೊಂದು ಜನ ಟಾಗೋರ್ ಕಡಲತೀರಕ್ಕೆ ಹೋಗಿದ್ದೆವು. ತಲುಪಿದಾಗ ಐದೂ ಮುಕ್ಕಾಲು. ಅಜ್ಜನನ್ನು ಕೂರಿಸಿ, ಮಕ್ಕಳನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ಬೆಳಕೇ ಹೋಯಿತು. ಗೋಲ್ಡನ್ ಅವರ್, ಅಂದರೆ ಸೂರ್ಯಾಸ್ತದ ಮುಂಚಿನ ಹೊಂಬಿಸಿಲಿನ ಹೊತ್ತು, ಒಂದು ಗಂಟೆ ಇರುತ್ತದಲ್ಲವೇ?
— ಕಾರವಾರದ ಓದುಗರು

ಉತ್ತರ: ಹೆಸರಿನಲ್ಲಿ ಗಂಟೆ ಇದೆ, ನಮ್ಮ ಕಡೆ ಸಿಗುವುದು ಅರ್ಧ ಗಂಟೆ ಮಾತ್ರ. ಕಾರವಾರ 15 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರವಿದೆ. ಇಲ್ಲಿ ಸೂರ್ಯ ಓರೆಯಾಗಿ ಜಾರದೆ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ಗಂಟೆಗೆ 13–14 ಡಿಗ್ರಿಯಷ್ಟು. ಮುಖಕ್ಕೆ ಹೊನ್ನಿನ ಬಣ್ಣ ಬರುವುದು ಅವನು ಕಡಲೂ ಬಾನೂ ಸೇರುವ ಗೆರೆಯಿಂದ 6 ಡಿಗ್ರಿ ಎತ್ತರಕ್ಕಿಂತ ಕೆಳಗೆ ಬಂದ ಮೇಲೆ. ಅಲ್ಲಿಂದ ಮುಳುಗುವವರೆಗೆ 25ರಿಂದ 27 ನಿಮಿಷ. ಲಂಡನ್‌ನಂಥ ಊರಿನಲ್ಲಿ ಇಷ್ಟೇ ಇಳಿಯಲು 40 ನಿಮಿಷ, ಕೆಲವು ತಿಂಗಳು ಇನ್ನೂ ಹೆಚ್ಚು ಬೇಕು. ಅಲ್ಲಿಯವರು ಬರೆದ ಲೆಕ್ಕ ನಮ್ಮ ಕಡಲಿಗೆ ಹೊಂದುವುದಿಲ್ಲ.

ಸೂರ್ಯಾಸ್ತದ ಹೊತ್ತನ್ನೂ ನೆನಪಿನಿಂದ ಹೇಳಬೇಡಿ. ಕಾರವಾರದಲ್ಲಿ ನವೆಂಬರ್ ಕೊನೆಗೆ ಸುಮಾರು 6.02, ಜನವರಿ ಮಧ್ಯಕ್ಕೆ 6.23, ಮಾರ್ಚ್ ಕೊನೆಗೆ 6.45, ಮೇ ಮಧ್ಯಕ್ಕೆ 6.54. ಬೇಸಿಗೆ ರಜೆಯ ಅಂದಾಜಿನಲ್ಲಿ ನವೆಂಬರ್‌ನಲ್ಲಿ ಹೊರಟರೆ ಐವತ್ತು ನಿಮಿಷ ತಪ್ಪುತ್ತದೆ. ನಿಮಗೆ ಆಗಿದ್ದು ಅದೇ.

ಗಡಿಯಾರಕ್ಕಿಂತ ಕೈ ಒಳ್ಳೆಯದು. ತೋಳು ಪೂರ್ತಿ ಚಾಚಿ, ನಾಲ್ಕು ಬೆರಳು ಜೋಡಿಸಿ ಅಡ್ಡ ಹಿಡಿಯಿರಿ. ಸೂರ್ಯನ ಕೆಳಅಂಚಿನಿಂದ ಕಡಲಗೆರೆಗೆ ನಾಲ್ಕು ಬೆರಳಿನಷ್ಟು ಜಾಗ ಇದ್ದರೆ ಸುಮಾರು ಅರ್ಧ ಗಂಟೆ ಉಳಿದಿದೆ ಎಂದರ್ಥ. ನಾಲ್ಕು ಬೆರಳಿಗೆ ಒಂದು ಗಂಟೆ ಎಂದು ಹೇಳುವುದನ್ನು ಕೇಳಿರಬಹುದು, ಇಲ್ಲಿ ಅದನ್ನು ನಂಬಿದರೆ ಮತ್ತೆ ಕತ್ತಲೆ. ಜನವರಿಯಿಂದ ಮೇವರೆಗೆ ಕಡಲಗೆರೆಯ ಮೇಲೆ ಮಬ್ಬಿನ ಪಟ್ಟಿ ಕೂತಿರುತ್ತದೆ. ಸೂರ್ಯ ಮುಳುಗುವ 5–10 ನಿಮಿಷ ಮೊದಲೇ ಅದರೊಳಗೆ ಸೊರಗುತ್ತಾನೆ, ಅಷ್ಟನ್ನು ಲೆಕ್ಕದಿಂದ ಕಳೆಯಿರಿ. ಮಳೆ ತೊಳೆದು ಹೋದ ಅಕ್ಟೋಬರ್‌ನ ಸಂಜೆಗಳೇ ಅತ್ಯುತ್ತಮ.

ಸೂರ್ಯಾಸ್ತಕ್ಕೆ ಒಂದೂಕಾಲು ಗಂಟೆ ಮೊದಲು ಅಲ್ಲಿರಿ. ಯಾರು ಎಲ್ಲಿ ಎಂಬುದನ್ನು ಬಿಸಿಲು ಬಿಳಿಯಾಗಿರುವಾಗಲೇ ಗೊತ್ತುಮಾಡಿ, ಒಮ್ಮೆ ನಿಲ್ಲಿಸಿ ನೋಡಿ, ಮಕ್ಕಳಿಗೆ ಏನಾದರೂ ತಿನ್ನಿಸಿ. ಬೆಳಕು ಬಣ್ಣ ತಿರುಗಿದ ಕೂಡಲೇ ಮೊದಲು ಹನ್ನೊಂದೂ ಜನರ ಚಿತ್ರ, ಆಮೇಲೆ ಅಜ್ಜ-ಮೊಮ್ಮಕ್ಕಳು, ಆಮೇಲೆ ಒಂದೊಂದು ಸಂಸಾರ. ಇಬ್ಬರ ಚಿತ್ರ ಕತ್ತಲಾಗುತ್ತಾ ಬಂದರೂ ಆಗುತ್ತದೆ, ಹನ್ನೊಂದು ಜನರದ್ದು ಆಗುವುದಿಲ್ಲ. ಸೂರ್ಯ ಮುಳುಗಿದ ಮೇಲಿನ 10–15 ನಿಮಿಷ ಬಿಟ್ಟು ಹೋಗಬೇಡಿ. ಎಲ್ಲರನ್ನೂ ಪಡುವಣಕ್ಕೆ ಮುಖ ಮಾಡಿಸಿ. ನೆರಳೇ ಇಲ್ಲದ ಆ ಬೆಳಕು ವಯಸ್ಸಾದವರ ಮುಖಕ್ಕೆ ಬಲು ಚೆಂದ.

ಕುರ್ಚಿಯ ಕಾಲು ಮರಳಲ್ಲಿ ಹೂತು ಅಜ್ಜ ಒಂದು ಬದಿಗೆ ವಾಲದಂತೆ ಕೆಳಗೆ ಹಲಗೆ ಹಾಕಿ. ಉಬ್ಬರ-ಇಳಿತವನ್ನೂ ಮೀನುಗಾರರಲ್ಲಿ ಕೇಳಿಕೊಳ್ಳಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಹೆಚ್ಚಾಗಿ ಸಂಜೆಯೇ ನೀರು ಇಳಿದಿರುತ್ತದೆ. ಆಗ ಹಸಿ ಮರಳು ಕನ್ನಡಿಯಂತೆ ಆಕಾಶದ ಬಣ್ಣ ಹಿಡಿಯುತ್ತದೆ, ನಿಲ್ಲಲು ಜಾಗವೂ ಧಾರಾಳ.

ಪ್ರಶ್ನೆ: ಸೂರ್ಯ ಹಿಂದೆ ಬರುವಂತೆ ನಿಲ್ಲಿಸಿದರೆ ಮುಖ ಕಪ್ಪು. ಮುಖ ಸರಿಮಾಡಿದರೆ ಆಕಾಶ ಬಿಳಿ. ತಿರುಗಿಸಿ ನಿಲ್ಲಿಸಿದರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ, ಜೊತೆಗೆ ನನ್ನದೇ ನೆರಳು ಅವರ ಮೇಲೆ. ಏನು ಮಾಡಲಿ?
— ಅಂಕೋಲೆಯ ಓದುಗರು

ಉತ್ತರ: ಮೂರು ದಿಕ್ಕಿಗೂ ಅದರದರ ತೊಡಕಿದೆ, ಒಂದೊಂದಾಗಿ ನೋಡೋಣ.

ಸೂರ್ಯ ಹಿಂದಿದ್ದಾಗ ಕ್ಯಾಮೆರಾ ಹೊಳೆಯುವ ಆಕಾಶವನ್ನು ಅಳೆದು ಒಟ್ಟು ಚಿತ್ರವನ್ನೇ ಕಪ್ಪಾಗಿಸುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಹೊಂದಿಕೆ) ಅನ್ನು +1ರಿಂದ +1.7ರವರೆಗೆ ಏರಿಸಿ. ಇಲ್ಲವೇ ಚುಕ್ಕೆಯಷ್ಟು ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಇಟ್ಟು ಮುಖವನ್ನೇ ಅಳೆಯಿರಿ. ಮುಖ ಅಳೆದು ಒಂದು ಸ್ಟಾಪ್ (ಅಂದರೆ ಬೆಳಕು ಎರಡು ಪಟ್ಟು) ಹೆಚ್ಚಿಸಿ ಎಂದು ಹಲವು ಕಡೆ ಬರೆದಿರುತ್ತದೆ. ಅದು ಬಿಳಿ ಚರ್ಮಕ್ಕೆ ಹೇಳಿದ ಮಾತು. ಗೋಧಿ ಬಣ್ಣದ ಮುಖಕ್ಕೆ ಮೀಟರ್ ತೋರಿಸಿದ್ದೇ ಸಾಕು, ಕಪ್ಪು ಬಣ್ಣದವರಿಗೆ ಅರ್ಧ ಸ್ಟಾಪ್ ಕಡಿಮೆಯೂ ಮಾಡಬೇಕಾದೀತು.

ಆಕಾಶ ಬಿಳಿಯಾಗುವುದಕ್ಕೆ ಕಾರಣ ಹೊತ್ತು. ಸೂರ್ಯ ನಾಲ್ಕು ಬೆರಳು ಮೇಲಿರುವಾಗ ಅವನಿಗೂ ಮುಖಕ್ಕೂ ಇರುವ ಬೆಳಕಿನ ಅಂತರ ಯಾವ ಕ್ಯಾಮೆರಾಕ್ಕೂ ಹಿಡಿಸದು. ಎರಡು ಬೆರಳಿಗೆ ಇಳಿಯುವವರೆಗೆ ಕಾಯಿರಿ, ಅಂದರೆ ಕೊನೆಯ ಕಾಲು ಗಂಟೆ. ಸೂರ್ಯನನ್ನು ಚೌಕಟ್ಟಿನ ಹೊರಗಿಡಿ, ಅಥವಾ ಯಾರಾದರೊಬ್ಬರ ತಲೆಯ ಹಿಂದೆ ಅಡಗಿಸಿ. ಕೂದಲ ಅಂಚಿಗೆ ಹೊನ್ನಿನ ಗೆರೆ ಬರುತ್ತದೆ.

ಮುಖಕ್ಕೆ ಬೆಳಕು ಮರಳಿಸುವುದು ಮುಂದಿನ ಕೆಲಸ. 42 ಇಂಚಿನ ರಿಫ್ಲೆಕ್ಟರ್ ಒಂದು ಎರಡು-ಮೂರು ಜನಕ್ಕೆ ಸಾಕು, ಎಂಟು ಜನಕ್ಕೆ ಅಲ್ಲ. ಚೌಕಟ್ಟಿಗೆ ತಾಗದಂತೆ ಮುಂದೆ ನೆಲದ ಮೇಲೆ ಬಿಳಿ ಹಾಸಿಗೆ ಬಟ್ಟೆ ಎರಡನ್ನು ಹರವಿ, ಅಂಚಿಗೆ ಮರಳು ಹೇರಿ. ಎರಡು ಥರ್ಮಕೋಲ್ ಹಾಳೆಯೂ ಆದೀತು, ಆದರೆ ಕಡಲ ಗಾಳಿಗೆ ಅದು ಹಾಯಿಯಾಗುತ್ತದೆ, ಹಿಡಿಯಲು ಒಬ್ಬರು ಬೇಕು. ರಿಫ್ಲೆಕ್ಟರ್‌ನ ಹೊನ್ನಿನ ಮೈ ಬಳಸಬೇಡಿ, ಮೊದಲೇ ಹೊನ್ನಾದ ಬೆಳಕಿಗೆ ಅದು ಸೇರಿದರೆ ಮುಖ ಅರಿಶಿನ ಹಚ್ಚಿದಂತೆ ಕಾಣುತ್ತದೆ. ಬಿಳಿ ಮೈಯೇ ಸರಿ.

ಫ್ಲ್ಯಾಷ್ ಬಳಸುವುದಾದರೆ ಕ್ಯಾಮೆರಾದೊಳಗಿನ ಪುಟ್ಟ ಫ್ಲ್ಯಾಷ್ ನಾಲ್ಕೈದು ಮೀಟರ್ ದೂರದ ಗುಂಪಿಗೆ ಸಾಲದು. ಹೊರಗಿನ ಫ್ಲ್ಯಾಷ್ ಹಾಕಿ, ಬಲವನ್ನು −1.5ಕ್ಕೆ ಇಳಿಸಿ, ಶಟರ್ ವೇಗ ಸೆಕೆಂಡಿನ 1/200 ದಾಟದಂತೆ ನೋಡಿಕೊಳ್ಳಿ. ಅದರ ಮುಂದೆ ತೆಳು ಕಿತ್ತಳೆ ಜೆಲ್ (ಬೆಳಕಿಗೆ ಬಣ್ಣ ಕೊಡುವ ಪಾರದರ್ಶಕ ಹಾಳೆ) ಅಂಟಿಸಲೇಬೇಕು. ಇಲ್ಲದಿದ್ದರೆ ಹಿಂದೆ ಹೊಂಬಣ್ಣ, ಮುಂದೆ ನೀಲಿ ಬಿಳುಪು. ಜನರನ್ನು ಬೇರೆಲ್ಲಿಂದಲೋ ಕತ್ತರಿಸಿ ಅಂಟಿಸಿದಂತಿರುತ್ತದೆ.

ಇನ್ನು ಸೂರ್ಯನತ್ತ ಮುಖ ಮಾಡಿ ನಿಲ್ಲಿಸುವುದು. 6 ಡಿಗ್ರಿ ಎತ್ತರದ ಸೂರ್ಯನಿಗೆ ನೆರಳು ಆಳಿನ ಒಂಬತ್ತೂವರೆ ಪಟ್ಟು ಉದ್ದ ಬೀಳುತ್ತದೆ. 1.6 ಮೀಟರ್ ಎತ್ತರದವರ ನೆರಳು 15 ಮೀಟರ್! ಎಷ್ಟು ಹಿಂದೆ ಸರಿದರೂ ತಪ್ಪದು, ಪಕ್ಕಕ್ಕೇ ಸರಿಯಬೇಕು. ಪೂರ್ತಿ ಪಕ್ಕದ ಬೆಳಕೂ ಗುಂಪಿಗೆ ಆಗದು, ಮೊದಲನೆಯವರ ನೆರಳು ಪಕ್ಕದವರ ಮುಖವನ್ನು ನುಂಗುತ್ತದೆ. ಗುಂಪಿನ ಮುಖ ಸೂರ್ಯನಿಂದ ಸುಮಾರು 45 ಡಿಗ್ರಿ ಓರೆಗೆ ತಿರುಗಲಿ, ಅಂದರೆ ವಾಯವ್ಯಕ್ಕೋ ನೈರುತ್ಯಕ್ಕೋ. ಕಣ್ಣು ಕಿರಿದಾಗುವವರಿಗೆ ಕಣ್ಣು ಮುಚ್ಚಿಸಿ, ಮೂರು ಎಣಿಸಿ, ತೆರೆದ ತಕ್ಷಣ ಒತ್ತಿ. ಕನ್ನಡಕದಲ್ಲಿ ಬೆಳಕು ಹೊಳೆದರೆ ಗಲ್ಲ ತುಸು ತಗ್ಗಿಸಲು ಹೇಳಿ.

ಓರೆಗೆ ನಿಲ್ಲಿಸುವುದರಿಂದ ಗಾಳಿಯ ತಾಪತ್ರಯವೂ ಕಡಿಮೆ. ಸಂಜೆ ಗಾಳಿ ಕಡಲಿಂದ ಬೀಸುತ್ತದೆ. ಕಡಲಿಗೆ ಬೆನ್ನು ಹಾಕಿ ನಿಂತವರ ಕೂದಲು, ಸೆರಗು ಎಲ್ಲ ಮುಂದಕ್ಕೆ ಹಾರಿ ಮುಖಕ್ಕೆ ಬರುತ್ತದೆ. ಜಡೆ ಹೆಣೆದು ಬನ್ನಿ, ಸೆರಗಿಗೆ ಪಿನ್ ಹಾಕಿ. ಕಡಲಗೆರೆ ಯಾರ ಕತ್ತನ್ನೂ ಕತ್ತರಿಸದಿರಲಿ, ಕ್ಯಾಮೆರಾವನ್ನು ಏರಿಸಿ ಇಳಿಸಿ ಅದನ್ನು ಎದೆಮಟ್ಟದ ಕೆಳಗೆ ತನ್ನಿ.

ಪ್ರಶ್ನೆ: 50 ಮಿ.ಮೀ., ಎಫ್ 1.8 ಲೆನ್ಸ್ ಕೊಂಡಿದ್ದೇನೆ. ಕಾಸರಕೋಡಿನ ಇಕೋ ಬೀಚ್‌ನಲ್ಲಿ ತೆಗೆದ ಚಿತ್ರದಲ್ಲಿ ಮುಂದೆ ಕೂತವರು ಸ್ಪಷ್ಟ, ಹಿಂದೆ ನಿಂತವರೆಲ್ಲ ಮಸುಕು. ಲೆನ್ಸ್‌ನಲ್ಲಿ ದೋಷವೇ?
— ಹೊನ್ನಾವರದ ಓದುಗರು

ಉತ್ತರ: ಲೆನ್ಸ್ ಸರಿಯಾಗಿದೆ, ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಹೆಚ್ಚು ತೆರೆದಿದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಸ್ಪಷ್ಟವಾಗಿ ಸಿಗುವ ಆಳ ಕಡಿಮೆ. ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರ್‌ನ ಕ್ಯಾಮೆರಾದಲ್ಲಿ ಈ ಲೆನ್ಸ್ ಅನ್ನು 5 ಮೀಟರ್ ದೂರಕ್ಕೆ ಫೋಕಸ್ ಮಾಡಿ ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಸಿಗುವ ಆಳ ಒಟ್ಟು 70 ಸೆಂ.ಮೀ. ಚಿಲ್ಲರೆ. ಅದರಲ್ಲಿ ಫೋಕಸ್‌ನ ಹಿಂದೆ ಬರುವುದು 40 ಸೆಂ.ಮೀ.ಗೂ ಕಡಿಮೆ. ಕೂತವರ ಮುಖಕ್ಕೂ ಹಿಂದೆ ನಿಂತವರ ಮುಖಕ್ಕೂ ಸುಮಾರು 75 ಸೆಂ.ಮೀ. ಅಂತರ ಇದ್ದೇ ಇರುತ್ತದೆ. ಅದೇ ದೂರದಲ್ಲಿ ಎಫ್ 5.6 ಇಟ್ಟರೆ ಹಿಂದೆ 1.4 ಮೀಟರ್‌ವರೆಗೆ ಸ್ಪಷ್ಟ. ಎರಡು ಸಾಲಿಗೆ ಎಫ್ 5.6, ಮೂರು ಸಾಲಿಗೆ ಎಫ್ 8. ಫೋಕಸ್ ಮುಂದಿನ ಸಾಲಿನ ನಡುವಿನವರ ಕಣ್ಣಿಗಿರಲಿ. ಹಿಂದಿನವರು ಕುರ್ಚಿಗೆ ತಾಗಿ ನಿಂತು ತುಸು ಮುಂದೆ ಬಾಗಿದರೆ ಇನ್ನೂ ಒಳ್ಳೆಯದು.

ಮಕ್ಕಳಿದ್ದರೆ ಶಟರ್ ಕನಿಷ್ಠ 1/250, ಓಡುತ್ತಿದ್ದರೆ 1/500. ಬಿಸಿಲು ಮುಖಕ್ಕೆ ಬೀಳುವಾಗ, ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಎಂಬ ಅಳತೆಯಾದ ಐಎಸ್‌ಒ 400ರ ಆಸುಪಾಸು ಸಾಕು, ಸೂರ್ಯ ಹಿಂದಿದ್ದರೆ 800ರಿಂದ 1600. ಚಿತ್ರದಲ್ಲಿ ಕಾಳು ಕಾಣುತ್ತದೆಂದು ಐಎಸ್‌ಒ ಏರಿಸಲು ಹೆದರಬೇಡಿ. ಕಾಳನ್ನು ಆಮೇಲೆ ತಗ್ಗಿಸಬಹುದು, ಅಲುಗಿದ ಮುಖವನ್ನು ಸರಿಮಾಡಲಾಗದು.

ಪ್ರಶ್ನೆ: ನಮ್ಮ ಮನೆ ತೋಟದ ಬದಿಯಲ್ಲಿ, ತಗ್ಗಿನಲ್ಲಿದೆ. ಅಪ್ಪಯ್ಯ, ಆಯಿ ದೂರ ಬರಲಾರರು. ಐದು ಗಂಟೆಗೆಲ್ಲ ನೆರಳು ಕವಿಯುತ್ತದೆ, ಮುಖವೆಲ್ಲ ಹಸಿರು ಹಸಿರು.
— ಶಿರಸಿ ಸೀಮೆಯ ಓದುಗರು

ಉತ್ತರ: ನಿಮಗೆ ಕಡಲ ಬದಿಯ ಗಡಿಯಾರ ಬೇಡ. ಸೂರ್ಯಾಸ್ತಕ್ಕೆ ಒಂದು ಗಂಟೆ ಇರುವಾಗ ಸೂರ್ಯ ಸುಮಾರು 13 ಡಿಗ್ರಿ ಎತ್ತರದಲ್ಲಿರುತ್ತಾನೆ, 15 ಮೀಟರಿನ ಅಡಿಕೆ ಮರದ ನೆರಳು ಆಗಲೇ ಸುಮಾರು 65 ಮೀಟರ್ ಚಾಚಿರುತ್ತದೆ. ಅಂಗಳಕ್ಕೆ ಪಡುವಣದಲ್ಲಿ ತೋಟವಿದ್ದರೆ ಹೊಂಬಿಸಿಲು ಅಲ್ಲಿಗೆ ಬರುವುದೇ ಇಲ್ಲ. ವಾಹನ ಹೋಗುವಂಥ ಬೇಣವೋ (ಹುಲ್ಲುಗಾವಲು), ಕೊಯ್ಲಾದ ಗದ್ದೆಯೋ ಹತ್ತಿರವಿದ್ದರೆ ಇಬ್ಬರನ್ನೂ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ. ಪಡುವಣದ ಮರಗಳಿಂದ ದೂರ, ತೆರೆದ ಜಾಗ ಹುಡುಕಿ.

ಅದಾಗದಿದ್ದರೆ ಜಗಲಿಯ ಮೆಟ್ಟಿಲೇ ಇರಲಿ, ಹೊತ್ತು ನಾಲ್ಕೂವರೆಗೆ ಬದಲಾಗಲಿ. ಆಗ ಅಂಗಳಕ್ಕೆ ಬೀಳುವ ಬಿಸಿಲು ಸುಣ್ಣದ ಗೋಡೆಗೆ ತಾಗಿ ಮರಳುತ್ತದೆ. ಅದಕ್ಕೆ ಮುಖ ಮಾಡಿ, ಮಾಡಿನ ನೆರಳಿನಲ್ಲಿ ಕೂರಿಸಿ. ಅಡಿಕೆ ಹರವಿದ ದಿನಗಳಾದರೆ ಅಂಗಳದಿಂದ ಏಳುವ ಬೆಳಕಿಗೂ ಬೆಚ್ಚನೆ ಬಣ್ಣ ಇರುತ್ತದೆ.

ಹಸಿರು ಬರುವುದು ಎಲೆಗಳನ್ನು ಹಾದು, ಎಲೆಗಳಿಗೆ ತಾಗಿ ಬಂದ ಬೆಳಕಿನಿಂದ. ಅದೇ ಜಾಗದಲ್ಲಿ ಬೂದು ಕಾರ್ಡ್ ಅಥವಾ ಬಿಳಿ ಕಾಗದ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿಕೊಳ್ಳಿ, ಅಂದರೆ ಆ ಬೆಳಕಿನಲ್ಲಿ ಯಾವುದು ಬಿಳಿ ಎಂದು ಕ್ಯಾಮೆರಾಕ್ಕೆ ತೋರಿಸಿಕೊಡಿ. ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ತೆಗೆದರೆ ಆಮೇಲೆ ಟಿಂಟ್ ಎಂಬ ಬಣ್ಣದ ಹೊಂದಿಕೆಯನ್ನು ಮಜೆಂಟಾ (ಕೆನ್ನೇರಳೆ) ಕಡೆಗೆ ಸ್ವಲ್ಪ ಸರಿಸಬಹುದು. ಮರಗಳ ನಡುವೆ ಚುಕ್ಕೆ ಚುಕ್ಕೆಯಾಗಿ ಬೀಳುವ ಬಿಸಿಲಲ್ಲಿ ಮಾತ್ರ ಯಾರನ್ನೂ ನಿಲ್ಲಿಸಬೇಡಿ. ಅರ್ಧ ಕೆನ್ನೆ ಬಿಳಿ, ಅರ್ಧ ಕಪ್ಪು ಆದದ್ದಕ್ಕೆ ಯಾವ ತಂತ್ರಾಂಶದಲ್ಲೂ ಮದ್ದಿಲ್ಲ. ಕರಾವಳಿಯ ಗಾಳಿಮರದ ತೋಪಿಗೂ ಇದೇ ಮಾತು.

ಪ್ರಶ್ನೆ: ಫೋನಿನಲ್ಲಿ ತೆಗೆದರೆ ತುದಿಯಲ್ಲಿ ನಿಂತ ಅತ್ತೆ, ಚಿಕ್ಕಮ್ಮ ಅಗಲವಾಗಿ ಕಾಣುತ್ತಾರೆ. ಕಣ್ಣಿಗೆ ಕಂಡ ಹೊನ್ನು ಚಿತ್ರದಲ್ಲಿ ಇರುವುದೇ ಇಲ್ಲ.
— ಕುಮಟೆಯ ಓದುಗರು

ಉತ್ತರ: ಫೋನಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು, ಅಂಚಿನಲ್ಲಿರುವುದನ್ನು ಹೊರಕ್ಕೆ ಎಳೆಯುತ್ತದೆ. ಹತ್ತು ಹೆಜ್ಜೆ ಹಿಂದೆ ಹೋಗಿ 2 ಪಟ್ಟು ಜೂಮ್‌ನಲ್ಲಿ ತೆಗೆಯಿರಿ, ಎರಡೂ ತುದಿಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಡಿ. ಗುಂಪಿಗೆ ಪೋರ್ಟ್ರೇಟ್ ಮೋಡ್ ಬೇಡ, ಅದು ಮುಡಿದ ಮಲ್ಲಿಗೆಯನ್ನೂ ಹಿಂದಿನ ಸಾಲನ್ನೂ ಮಸುಕು ಮಾಡುತ್ತದೆ. ಹೊನ್ನನ್ನು ತೆಗೆದುಹಾಕುವುದು ಆಟೊ ವೈಟ್ ಬ್ಯಾಲೆನ್ಸ್. ಪ್ರೊ ಮೋಡ್‌ಗೆ ಹೋಗಿ 5500 ಕೆಲ್ವಿನ್‌ಗೆ ನಿಲ್ಲಿಸಿ. ಆ ಸೌಲಭ್ಯವಿಲ್ಲದ ಫೋನಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ತುಸು ಇಳಿಸಿ. ಬಣ್ಣ ಗಾಢವಾಗುತ್ತದೆ. ಅದಕ್ಕೂ ಮೊದಲು ಲೆನ್ಸ್ ಮೇಲಿನ ಬೆರಳಿನ ಜಿಡ್ಡು ಒರೆಸಿ, ಇದಿರು ಬೆಳಕಿನಲ್ಲಿ ಅದೇ ಮಂಜಾಗಿ ಕಾಣುತ್ತದೆ.

ಪ್ರಶ್ನೆ: ಯಾವಾಗ ತೆಗೆದರೂ ಒಬ್ಬರದ್ದು ಕಣ್ಣು ಮುಚ್ಚಿರುತ್ತದೆ. ಎಷ್ಟು ಸಲ ತೆಗೆಯಬೇಕು?
— ಭಟ್ಕಳದ ಓದುಗರು

ಉತ್ತರ: ಇದಕ್ಕೆ ಲೆಕ್ಕವೇ ಇದೆ. ಆಸ್ಟ್ರೇಲಿಯದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಅದನ್ನು ಮಾಡಿ 2006ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ) ಪಡೆದರು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ ಒಳ್ಳೆಯ ಬೆಳಕಿನಲ್ಲಿ ತಲೆಎಣಿಕೆಯನ್ನು ಮೂರರಿಂದ, ಮಂದ ಬೆಳಕಿನಲ್ಲಿ ಎರಡರಿಂದ ಭಾಗಿಸಿ. ಹನ್ನೆರಡು ಜನಕ್ಕೆ ನಾಲ್ಕು, ಕತ್ತಲಾಗುತ್ತಿದ್ದರೆ ಆರು. ಇದು ಕಣ್ಣಿಗಷ್ಟೇ; ನಗು, ನೋಟ, ಮಕ್ಕಳ ಅಲುಗಾಟ ಎಲ್ಲ ಸೇರಿದರೆ ಎರಡು ಪಟ್ಟು ತೆಗೆಯಿರಿ.

ಪ್ರಶ್ನೆ: ಮಾಜಾಳಿಯಲ್ಲಿ ಒಂದು ಸಂಜೆ ತೆಗೆದ ಚಿತ್ರಗಳು ಬರಬರುತ್ತಾ ಮಬ್ಬಾಗಿವೆ. ಲೆನ್ಸ್ ಹೇಗೆ ಒರೆಸಬೇಕು?
— ಸದಾಶಿವಗಡದ ಓದುಗರು

ಉತ್ತರ: ತೆರೆಯ ತುಂತುರಿನ ಉಪ್ಪು ಗಾಜಿನ ಮೇಲೆ ಪದರವಾಗಿ ಕೂರುತ್ತದೆ. ಲೆನ್ಸ್‌ಗೆ ಕಾಪಾಗಿ ಯುವಿ ಫಿಲ್ಟರ್ ಹಾಕಿ, ಲೆನ್ಸ್ ಹುಡ್ ಬಿಡಬೇಡಿ, ಅರ್ಧ ಗಂಟೆಗೊಮ್ಮೆ ಗಾಜು ನೋಡಿ. ಮೊದಲು ರಬ್ಬರ್ ಬ್ಲೋವರ್‌ನಿಂದ ಮರಳ ಕಣ ಊದಿ, ಕಣ ಇರುವಾಗಲೇ ಒರೆಸಿದರೆ ಗೀರು ಬೀಳುತ್ತದೆ. ಆಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಸಿಹಿನೀರಿನಲ್ಲಿ ತುಸು ಒದ್ದೆ ಮಾಡಿ ಒರೆಸಿ, ಒಣ ಬಟ್ಟೆಯಿಂದ ಮುಗಿಸಿ. ಒಣ ಬಟ್ಟೆ ಒಂದರಿಂದಲೇ ತಿಕ್ಕಿದರೆ ಉಪ್ಪು ಹರಡುತ್ತದೆಯೇ ಹೊರತು ಹೋಗದು. ಮರಳ ಮೇಲೆ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದ ರಾತ್ರಿಯೇ ಟ್ರೈಪಾಡ್‌ನ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಿನಲ್ಲಿ ತೊಳೆದು, ತಲೆಕೆಳಗಾಗಿ ನಿಲ್ಲಿಸಿ ಒಣಗಿಸಿ.