ಇಲಿಯ ಬೊಜ್ಜಿಗೂ ಬಿ.ಪಿ. ಮಾತ್ರೆಗೂ ಏನು ನಂಟು?

ಪ್ರಶ್ನೆ: ಕ್ಯಾಲ್ಸಿಯಂ ಚಾನೆಲ್‌ನ ಒಂದು ಜೀನ್ ತೆಗೆದ ಇಲಿಗಳಿಗೆ ಕೊಬ್ಬು ತಿನ್ನಿಸಿದರೂ ಅಷ್ಟಾಗಿ ತೂಕ ಏರಲಿಲ್ಲ ಎಂದು ಓದಿದೆ. ನಾನು ಬಿ.ಪಿ.ಗೆ ನುಂಗುವ ಅಮ್ಲೋಡಿಪಿನ್ ಕೂಡ ಕ್ಯಾಲ್ಸಿಯಂ ಚಾನೆಲ್ ತಡೆಯುವ ಮಾತ್ರೆ. ನನ್ನ ತೂಕ ಯಾಕೆ ಇಳಿದಿಲ್ಲ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಕ್ಯಾಲ್ಸಿಯಂ ಚಾನೆಲ್ ಎಂದರೆ ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ಬಿಡುವ ಬಾಗಿಲು. ಮನೆತನದ ಹೆಸರು ಒಂದೇ, ಬಾಗಿಲು ಬೇರೆ. ಅಮ್ಲೋಡಿಪಿನ್ ಮುಚ್ಚುವುದು ರಕ್ತನಾಳದ ಸ್ನಾಯುವಿನಲ್ಲಿರುವ ಎಲ್-ಟೈಪ್ ಚಾನೆಲ್. ಇಲಿಗಳಲ್ಲಿ ತೆಗೆದದ್ದು ಟಿ-ಟೈಪ್‌ನ ಸಿಎವಿ3.1 ಜೀನ್. ಮಿದುಳಿನ ಥಲಾಮಸ್‌ನಲ್ಲಿ ಇದು ಹೆಚ್ಚು. ಕೋಶದ ಪೊರೆಯ ವಿದ್ಯುತ್ ಒತ್ತಡ ಮೈನಸ್ 60 ಮಿಲಿವೋಲ್ಟ್ ಆಸುಪಾಸಿನಲ್ಲಿರುವಾಗಲೇ ತೆರೆದು ತಕ್ಷಣ ಮುಚ್ಚಿಕೊಳ್ಳುವ ಈ ಬಾಗಿಲಿಗೆ ನಿದ್ದೆಯ ಲಯದಲ್ಲಿ ಪಾತ್ರವಿದೆ.

2009ರಲ್ಲಿ ಪ್ರಕಟವಾದ ಆ ಅಧ್ಯಯನದ ಸ್ವಾರಸ್ಯ ಏನೆಂದರೆ, ಜೀನ್ ಇಲ್ಲದ ಇಲಿಗಳು ತಿಂದದ್ದೇನೂ ಕಡಿಮೆಯಲ್ಲ. ಮಾಮೂಲಿ ಇಲಿಗಳಿಗೆ ಮಲಗುವ ಹೊತ್ತಿಗೆ ಮೊದಲು ಟಿಟಿಎ-ಎ2 ಎಂಬ ಟಿ-ಟೈಪ್ ತಡೆ ಮದ್ದು ಕೊಟ್ಟಾಗ ನಿದ್ದೆ ಹೆಚ್ಚಿತು, ಕೊಬ್ಬಿನ ಆಹಾರದಿಂದ ಏರಬೇಕಿದ್ದ ತೂಕ ಏರಲಿಲ್ಲ. ಇಲಿಗೆ ಹಗಲೇ ರಾತ್ರಿ. ಕೊಬ್ಬಿನ ಆಹಾರ ಸಿಕ್ಕರೆ ನಾವು ನಡುರಾತ್ರಿ ಎದ್ದು ಕೋಡುಬಳೆ ಡಬ್ಬಿಗೆ ಕೈ ಹಾಕುವಂತೆ ಅದೂ ಹಗಲೆಲ್ಲ ಮೆಲ್ಲುತ್ತಿರುತ್ತದೆ. ನಿದ್ದೆ ಗಟ್ಟಿಯಾದರೆ ಉಣ್ಣುವ ಹೊತ್ತು ದೇಹದ ಗಡಿಯಾರಕ್ಕೆ ಹೊಂದಿಕೊಳ್ಳುತ್ತದೆ ಎಂಬುದು ಸಂಶೋಧಕರ ಊಹೆ.

ಇದನ್ನು ನಂಬಿ ಮಾತ್ರೆ ಬದಲಿಸಬೇಡಿ, ಬಿಡಲೂಬೇಡಿ. ಕಣಕಾಲು ಊದಿಕೊಂಡು ತೂಕ ಏರಿದ್ದರೆ ವೈದ್ಯರಿಗೆ ತೋರಿಸಿ. ಅಮ್ಲೋಡಿಪಿನ್‌ನಿಂದ ಕಾಲಲ್ಲಿ ನೀರು ತುಂಬುವುದುಂಟು. ಕ್ಯಾಲ್ಸಿಯಂ ಗುಳಿಗೆಗೂ ಈ ಕಥೆಗೂ ಸಂಬಂಧವಿಲ್ಲ.

ಪ್ರಶ್ನೆ: ಇಂಥದೇ ಪ್ರಯೋಗ ನಮ್ಮದು. ತಿಂದ ಆಹಾರಕ್ಕೂ ಇಲಿಯ ತೂಕಕ್ಕೂ ತಾಳೆಯಾಗುತ್ತಿಲ್ಲ. ಎಲ್ಲಿ ತಪ್ಪಿದೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಮೊದಲು ಪಂಜರದ ತಳ ನೋಡಿ. ಶೇ. 60ರಷ್ಟು ಕ್ಯಾಲರಿ ಕೊಬ್ಬಿನಿಂದಲೇ ಬರುವ ಆಹಾರದ ಉಂಡೆ ಮೆತ್ತಗಿರುತ್ತದೆ. ಇಲಿ ಅದನ್ನು ಕಚ್ಚಿ ಪುಡಿಮಾಡಿ, ಪಂಜರದಲ್ಲಿ ಹಾಸಿದ ಹೊಟ್ಟಿನಡಿ ಸೇರಿಸುತ್ತದೆ. ಪುಡಿ ಜರಡಿ ಹಿಡಿದು ತೂಗಿ ಕಳೆಯದಿದ್ದರೆ ತಿನ್ನದ್ದೂ ತಿಂದ ಲೆಕ್ಕಕ್ಕೆ ಸೇರುತ್ತದೆ. ಗ್ರಾಂ ಬಿಟ್ಟು ಕ್ಯಾಲರಿಯಲ್ಲೇ ಹೋಲಿಸಿ: ಈ ಉಂಡೆ ಗ್ರಾಮಿಗೆ ಸುಮಾರು 5.2 ಕಿಲೋಕ್ಯಾಲರಿ, ಶೇ. 10 ಕೊಬ್ಬಿನದು 3.85. ಉಳಿದದ್ದನ್ನು ಫ್ರಿಜ್‌ನಲ್ಲಿಡಿ, ಪಂಜರದಲ್ಲಿರುವುದನ್ನು ವಾರಕ್ಕೆರಡು ಸಲ ಬದಲಿಸಿ. ಕಮಟು ಹಿಡಿದರೆ ಇಲಿ ಮೂಸಿಯೂ ನೋಡದು.

ಜೀನ್ ತೆಗೆದ ಇಲಿಗಳ ಹೋಲಿಕೆಗೆ ಒಂದೇ ಸೂಲಿನ ಒಡಹುಟ್ಟುಗಳೇ ಬೇಕು, ಹೊರಗಿಂದ ತರಿಸಿದವು ಬೇಡ. ತೂಕ ವಾರಕ್ಕೊಮ್ಮೆ, ಅದೇ ಹೊತ್ತಿಗೆ. ಕೊನೆಗೆ, ಇಲಿಕೋಣೆಯ ದೀಪ ಆರಿದ ಮೇಲೆ ಒಳಗೆ ನಿಂತು ಬಾಗಿಲ ಸಂದು ನೋಡಿ. ಕಾರಿಡಾರಿನ ಟ್ಯೂಬ್‌ಲೈಟ್ ಬೆಳಕು ಅಲ್ಲಿಂದ ನುಸುಳುತ್ತಿದ್ದರೆ ಇಲಿಯ ದೇಹದ ಗಡಿಯಾರ ಕೆಡುತ್ತದೆ; ಕಪ್ಪು ಬಟ್ಟೆ ಕಟ್ಟಿಸಿ.