ರಸ್ತೆಯಿಂದ ಕೆಳಕ್ಕೆ ಇಳಿಯುವ ಸೈಟು: ಮಟ್ಟ ಮಾಡಿಸಿ ಮನೆ ಕಟ್ಟಬೇಕಾ?

ಕೊಪ್ಪದ ಹತ್ತಿರ ಸೈಟು, ರಸ್ತೆಯಿಂದ 60 ಅಡಿ ಹಿಂದಕ್ಕೆ ಹೋಗುವಷ್ಟರಲ್ಲಿ 11 ಅಡಿ ತಗ್ಗು, ಮನೆಯಲ್ಲಿ ಆರು ಜನ, ಅಮ್ಮನಿಗೆ ಮಂಡಿನೋವು. ಜೆಸಿಬಿ ತರಿಸಿ ಪೂರ್ತಿ ಮಟ್ಟ ಮಾಡಿಸೋಣ ಅಂತ ಮೇಸ್ತ್ರಿ ಹೇಳುತ್ತಿದ್ದಾರೆ, ಸರಿನಾ ಅಂತ ಕೇಳಿದ್ದೀರಿ. ಬೇಡ. ದಯವಿಟ್ಟು ಬೇಡ.

ನಾವೂ ಹಾಗೇ ಶುರು ಮಾಡಿದವರು. ನಮ್ಮದು ಶೃಂಗೇರಿ ಕಡೆ, ನಿಮ್ಮಂಥದ್ದೇ ಇಳಿಜಾರು. ಮೇ ತಿಂಗಳಲ್ಲಿ ಎರಡು ದಿನ ಜೆಸಿಬಿ ಓಡಿತು. ರಸ್ತೆ ಬದಿಯಲ್ಲಿ 9 ಅಡಿ ಎತ್ತರದ ಧರೆ, ಅಂದರೆ ಕಡಿದು ಬಿಟ್ಟ ಮಣ್ಣಿನ ಅಂಚು, ಗೋಡೆಯ ಹಾಗೆ ನೇರ. ಕಡಿದ ಮಣ್ಣನ್ನೆಲ್ಲ ಕೆಳಗಿನ ಅರ್ಧಕ್ಕೆ ತುಂಬಿದರು. ನೋಡುವುದಕ್ಕೆ ಆಟದ ಮೈದಾನದ ಹಾಗೆ ಚೆಂದ ಇತ್ತು. ಜೂನ್‌ನಲ್ಲಿ ಒಂದು ರಾತ್ರಿ ಧರೆ ಜರಿದು, ಪಾಯಕ್ಕೆ ತೋಡಿದ್ದ ಗುಂಡಿಗಳೆಲ್ಲ ಮುಚ್ಚಿಹೋದವು. ಹಿಂದಿನ ದಿನವೇ ಧರೆಯ ನೆತ್ತಿಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. ಅದರ ಅರ್ಥ ನಮಗೆ ಗೊತ್ತಿರಲಿಲ್ಲ. ಅಲ್ಲಿ ಯಾರೂ ಮಲಗಿರಲಿಲ್ಲ ಅನ್ನುವುದೇ ಪುಣ್ಯ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ನೀವೂ ನೋಡಿದ್ದೀರಿ. ನಮ್ಮ ಕಡೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನ ಹಾಗೆ ನಿಲ್ಲುತ್ತದೆ. ನೀರು ಕುಡಿದ ಮೇಲೆ ಅದರ ಕಥೆಯೇ ಬೇರೆ.

ಆಮೇಲೆ ನಕ್ಷೆ ಬದಲಾಯಿಸಿದೆವು. ನಿಮ್ಮ ಸೈಟಿಗೂ ಅದೇ ಹೊಂದುತ್ತದೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಮನೆ ಮುಂದಿನಿಂದ ಹಿಂದಕ್ಕೆ 40 ಅಡಿ ಇದ್ದರೆ ಅಷ್ಟರಲ್ಲಿ ನೆಲ ಸುಮಾರು 7 ಅಡಿ ಇಳಿದಿರುತ್ತದೆ. ರಸ್ತೆಗಿಂತ ಒಂದೂವರೆ ಅಡಿ ಎತ್ತರಕ್ಕೆ ಮನೆಯ ನೆಲ ಇಟ್ಟರೆ ಹಿಂಬದಿಯಲ್ಲಿ ಅದರ ಕೆಳಗೆ ಎಂಟೂವರೆ ಅಡಿಗಿಂತ ಜಾಸ್ತಿ ಜಾಗ ಸಿಗುತ್ತದೆ. ಅಲ್ಲಿ ಒಂದಡಿ ಮಣ್ಣು ತೆಗೆದರೆ ಸಾಕು, ಎರಡು ಒಳ್ಳೆಯ ಕೋಣೆ, ಹಿತ್ತಿಲಿಗೆ ನೇರ ಬಾಗಿಲು. ಜಗಲಿ, ಅಡುಗೆಮನೆ, ದೇವರ ಕೋಣೆ, ಅಮ್ಮನ ಕೋಣೆ ಮತ್ತು ಬಚ್ಚಲು ಎಲ್ಲಾ ರಸ್ತೆ ಮಟ್ಟದಲ್ಲೇ ಇರಲಿ. ಮಕ್ಕಳು ಕೆಳಗೆ ಮಲಗಲಿ. ಅಮ್ಮ ಇಡೀ ದಿನ ಒಂದು ಮೆಟ್ಟಿಲೂ ಇಳಿಯಬೇಕಾಗಿಲ್ಲ. ರಸ್ತೆಯಿಂದ ಜಗಲಿಗೆ ಮೆಟ್ಟಿಲಿನ ಬದಲು ಜಾರು ದಾರಿ ಮಾಡಿಸಿ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಅಂದರೆ ನಿಮಗೆ 18 ಅಡಿ. ಮನೆಯ ಗೋಡೆಗುಂಟ ತಿರುಗಿಸಿದರೆ ಆರಾಮಾಗಿ ಕೂರುತ್ತದೆ.

ಪಾಯ ಮಾತ್ರ ತುಂಬಿದ ಮಣ್ಣಿನ ಮೇಲೆ ನಿಲ್ಲಲೇಬಾರದು. ಪ್ರತಿ ಕಾಲಂ ಮೂಲದ ಗಟ್ಟಿ ನೆಲ ಮುಟ್ಟಬೇಕು. ಕೆಳಗಿನ ಕಾಲಂ ಉದ್ದ ಆಗುತ್ತದೆ, ಖರ್ಚು ಬರುತ್ತದೆ, ನಿಜ. ಆದರೆ ಎತ್ತರದ ತಡೆಗೋಡೆಯ ಖರ್ಚು ತಪ್ಪುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರವೇ ಡ್ರಾಯಿಂಗ್ ತೆಗೆದುಕೊಳ್ಳಿ. ಇದರಲ್ಲಿ ಉಳಿತಾಯ ಬೇಡ. ವಾಸ್ತುವಿಗಾಗಿ ಒಂದು ಮೂಲೆಗೆ ಮಣ್ಣು ತುಂಬಿಸಿ ಎತ್ತರ ಮಾಡುವವರನ್ನೂ ನೋಡಿದ್ದೇನೆ. ನಂಬಿಕೆ ಇರಲಿ, ಆದರೆ ಆ ಮಣ್ಣಿನ ಮೇಲೆ ಗೋಡೆ ಕೂರಿಸಬೇಡಿ.

ಇನ್ನು ನೀರು. ನನ್ನ ಪ್ರಕಾರ ನಕ್ಷೆಯಲ್ಲಿ ಮೊದಲ ಗೆರೆ ಎಳೆಯಬೇಕಾದದ್ದು ಇದಕ್ಕೇ. ರಸ್ತೆಯ ನೀರು ಸೈಟಿಗೆ ನುಗ್ಗದ ಹಾಗೆ ಮೇಲ್ಬದಿಯಲ್ಲೇ ಚರಂಡಿ ತೆಗೆದು, ಮನೆಯ ಎರಡೂ ಪಕ್ಕದಿಂದ ಸುತ್ತಿಸಿ ಕೆಳಗೆ ಬಿಡಿ. 1,500 ಚದರ ಅಡಿ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 14,000 ಲೀಟರ್ ನೀರು. ನಮ್ಮ ಆಷಾಢದಲ್ಲಿ ಅದು ಒಂದು ದಿನದ ಮಾತು, ಅಲ್ವಾ? ಹಾಗಾಗಿ ಮಾಡಿನ ಅಂಚಿಗೆ ದಂಬೆ (ನೀರು ಹಿಡಿಯುವ ದೋಣಿ) ಕಟ್ಟಿ ಆ ನೀರನ್ನೂ ಚರಂಡಿಗೇ ಸೇರಿಸಿ. ಸುಮ್ನೆ ಪಾಯದ ಬುಡಕ್ಕೆ ಸುರಿಯಲು ಬಿಡಬೇಡಿ.

ಸಣ್ಣ ತಡೆಗೋಡೆ ಬೇಕಾದರೂ ಅದರ ಬೆನ್ನಿಗೆ ಜಲ್ಲಿ ತುಂಬಿಸಿ, ಗೋಡೆಯಲ್ಲಿ ಸಾಲಾಗಿ ಪೈಪು ಬಿಡಿಸಿ. ಗೋಡೆ ಬೀಳುವುದು ಮಣ್ಣಿನ ಭಾರಕ್ಕಿಂತ ಹಿಂದೆ ನಿಂತ ನೀರಿನಿಂದಲೇ ಜಾಸ್ತಿ. ಮೊದಲ ಮಳೆಗಾಲ ನಾನು ರಾತ್ರಿ ಟಾರ್ಚ್ ಹಿಡಿದು ಆ ಪೈಪುಗಳನ್ನು ನೋಡುತ್ತಿದ್ದೆ. ಒಂದರಿಂದ ಮಾತ್ರ ಕೆಂಪು ನೀರು ಬರುತ್ತಿತ್ತು. ಅಂದರೆ ಅಲ್ಲಿ ಮಣ್ಣು ತೊಳೆದು ಹೋಗುತ್ತಿದೆ. ಮಳೆ ನಿಂತ ಮೇಲೆ ಬಿಚ್ಚಿಸಿದರೆ, ಆ ಜಾಗಕ್ಕೆ ಜಲ್ಲಿಯನ್ನೇ ಹಾಕಿರಲಿಲ್ಲ! ಸರಿಮಾಡಿಸಿದ ಮೇಲೆ ತಿಳಿನೀರು. ಈಗಲೂ ಪ್ರತಿ ಜೂನ್‌ನಲ್ಲಿ ಕಡ್ಡಿ ಹಾಕಿ ಪೈಪುಗಳನ್ನು ಬಿಡಿಸುತ್ತೇನೆ.

ಅವಸರ ಇಲ್ಲದಿದ್ದರೆ ಒಂದು ಮಳೆಗಾಲ ಕಾಯಿರಿ. ಜೋರು ಮಳೆಯಲ್ಲಿ ಕೊಡೆ ಹಿಡಿದು ಸೈಟಿಗೆ ಹೋಗಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಒರತೆ ಏಳುತ್ತದೆ ನೋಡಿ, ಗೂಟ ಹೊಡೆದಿಡಿ. ಆಮೇಲೆ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದೊಂದು ತುದಿ ಒಬ್ಬೊಬ್ಬರು ಹಿಡಿದು (ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ), ಹತ್ತು ಹತ್ತು ಅಡಿಗೆ ನೆಲ ಎಷ್ಟು ಇಳಿದಿದೆ ಅಂತ ಬರೆದುಕೊಳ್ಳಿ. ಆ ಅಳತೆ ಇಲ್ಲಿ ಹಾಕಿದರೆ ಕೋಣೆಗಳನ್ನು ಎಲ್ಲೆಲ್ಲಿ ಇಡಬಹುದು ಅಂತ ಕೂತು ನೋಡೋಣ. ರಸ್ತೆಯ ಚರಂಡಿ ಯಾವ ಕಡೆಗೆ ಹರಿಯುತ್ತದೆ ಅಂತಲೂ ಬರೆಯಿರಿ.