ಮೂರನೆಯ ಹೆಸರು

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬೆಂಗಳೂರಿನಲ್ಲಿ 30 ವರ್ಷಗಳಿಂದ ಲಾರಿ ವ್ಯವಹಾರ ನಡೆಸುತ್ತಿರುವ ಸಿಖ್ ಗೃಹಸ್ಥರು, ವಯಸ್ಸು 58. ನಿದ್ದೆ ಬರುವುದಿಲ್ಲ, ಸಿಟ್ಟು ತಡೆಯಲಾಗುವುದಿಲ್ಲ, ಮಗ ಮಾತು ಬಿಟ್ಟು ಎಂಟು ತಿಂಗಳಾಯಿತು ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದರು.

ಕೆದಕಿದಾಗ ಇನ್ನೊಂದು ನೋವು ಹೊರಬಿತ್ತು. ಗುರುದ್ವಾರದ ಲಂಗರ್ (ಎಲ್ಲರಿಗೂ ಉಚಿತ ಊಟ ಬಡಿಸುವ ಅಡುಗೆಮನೆ) ಕಟ್ಟಡಕ್ಕೆ ಎಲ್ಲರಿಗಿಂತ ಹೆಚ್ಚು ಕೊಟ್ಟಿದ್ದರು. ದಾನಿಗಳ ಹಲಗೆಯಲ್ಲಿ ಅವರ ಹೆಸರು ಮೂರನೆಯದು. ಹೇಳುವಾಗ ಬಲಗೈಯ ಉಕ್ಕಿನ ಬಳೆ, ಕಡಾವನ್ನು ಗರಗರ ತಿರುಗಿಸುತ್ತಿದ್ದರು. "ನಾನು ಇಷ್ಟು ಸೇವೆ ಮಾಡಿದೀನಿ ಮೇಡಂ." ಮಗನ ವಿಷಯಕ್ಕೆ ಬಂದಾಗಲೂ ಅದೇ ಧಾಟಿ: "ಬಿಸಿನೆಸ್ ಕಟ್ಟಿದ್ದು ನಾನು."

ನಿಮ್ಮ ಧರ್ಮದಲ್ಲಿ ಹೌಮೈ ಅಂತಾರಲ್ಲ, ಹಾಗಂದರೇನು ಸರ್, ಎಂದು ಕೇಳಿದೆ. ಬಾಯಿಪಾಠ ಇತ್ತು. 'ನಾನು, ನಾನು' ಅನ್ನುವುದೇ ಹೌಮೈ. ಅದು ದೀರ್ಘ ರೋಗ, ಮದ್ದೂ ಅದರೊಳಗೇ ಇದೆ ಎಂದು ನಮ್ಮ ಎರಡನೆಯ ಗುರು ಅಂಗದರು ಹೇಳಿದ್ದಾರೆ, ಬೆಳಗಿನ ಕೀರ್ತನೆ ಆಸಾ ದೀ ವಾರ್‌ನಲ್ಲಿ ದಿನಾ ಹಾಡುತ್ತೇವೆ ಎಂದವರು, ಅಲ್ಲಿಗೇ ಸುಮ್ಮನಾದರು. ಆ ಮೌನವನ್ನು ನಾನು ಮುರಿಯಲಿಲ್ಲ.

ಅವರ ಧರ್ಮದಲ್ಲೇ ಇರುವ ಮದ್ದನ್ನು ನಾನು ಹೊರಗಿನಿಂದ ತರಬೇಕಾಗಿರಲಿಲ್ಲ. 1699ರಲ್ಲಿ ಪಂಜಾಬಿನ ಆನಂದಪುರದಲ್ಲಿ ಗುರುವಿನ ಕರೆಗೆ ತಲೆ ಕೊಡಲು ಎದ್ದ ಐವರಲ್ಲಿ ಒಬ್ಬರು ನಮ್ಮ ಬೀದರಿನ ಕ್ಷೌರಿಕ, ಭಾಯಿ ಸಾಹಿಬ್ ಸಿಂಗ್. ಆ ಐವರಿಗೆ ದೀಕ್ಷೆಯ ಅಮೃತ ಕೊಟ್ಟ ಹತ್ತನೆಯ ಗುರು ಗೋವಿಂದ ಸಿಂಗರು, ಮರುಕ್ಷಣ ಅವರ ಮುಂದೆಯೇ ಕೈಯೊಡ್ಡಿ ಅಮೃತ ಬೇಡಿದರು. ಬೀದರಿಗೆ ಹೋದಾಗಲೆಲ್ಲ ಇದನ್ನು ಹೆಮ್ಮೆಯಿಂದ ಮಕ್ಕಳಿಗೆ ಹೇಳಿದವರು ಈ ಗೃಹಸ್ಥರೇ. "ಗುರುವೇ ಶಿಷ್ಯರ ಮುಂದೆ ಕೈಯೊಡ್ಡಿದರಲ್ಲ ಸರ್, ಮಗನ ಮಾತು ಕೇಳುವುದು ಅಷ್ಟು ಕಷ್ಟವೇ?" ಎಂದೆ.

ಸಲಹೆ ಎರಡೇ. ಆರು ವಾರ, ಪರಿಚಯದವರಿಲ್ಲದ ಇನ್ನೊಂದು ಗುರುದ್ವಾರದ ಜೋಡಾ ಘರ್‌ನಲ್ಲಿ, ಅಂದರೆ ಪಾದರಕ್ಷೆ ಬಿಡುವ ಕೋಣೆಯಲ್ಲಿ, ಚಪ್ಪಲಿ ಕಾಯುವ ಸೇವೆ; ಯಾರಿಗೂ ಹೇಳಬಾರದು, ಹೆಂಡತಿಗೂ. ಮನೆಯಲ್ಲಿ ಯಾರಾದರೂ ಮಾತಾಡುವಾಗ ಉತ್ತರ ನಾಲಗೆಗೆ ಬಂದರೆ, ಮೊದಲು ಮನಸ್ಸಿನಲ್ಲೇ ದೇವರ ಹೆಸರು 'ವಾಹೆಗುರು', ಆಮೇಲೆ ಉತ್ತರ. (ತನ್ನನ್ನೇ ಹಳಿದುಕೊಂಡು ಕುಗ್ಗಿದವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಬೇರೆ.)

ಎರಡನೇ ವಾರ ಬಿಟ್ಟುಬಿಡುತ್ತೇನೆ ಎಂದರು. ಯಾರೋ ಹುಡುಗ ಕೆಸರು ಮೆತ್ತಿದ ಶೂ ಎಸೆದು, ಮುಖವನ್ನೂ ನೋಡದೆ ಹೋದನಂತೆ. "ಆಮೇಲೆ?" "ಒರೆಸಿಟ್ಟೆ."

ಏಳನೇ ಭೇಟಿಗೆ ಮಗನೂ ಬಂದ. ಇಪ್ಪತ್ತು ನಿಮಿಷ ಅವನದೇ ಮಾತು. ತಂದೆ ಎರಡು ಸಲ ಬಾಯಿ ಹಾಕಿದರು. ಮೂರನೇ ಸಲ ತುಟಿ ತೆರೆದವರು ಕಡಾವನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಮತ್ತೆ ಮಗನತ್ತ ತಿರುಗಿ ಕೂತರು.